ಏಟು ಬಿದ್ದಲ್ಲಿ ಹಸಿರಾಗುವ ರಕ್ತ

ಪೀಣ್ಯ ಎರಡನೇ ಹಂತದ ಒಂದು ಶೆಡ್ಡಿನಲ್ಲಿ ಕೆಲವು ವರ್ಷ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಪವರ್ ಪ್ರೆಸ್ಸಿನಲ್ಲಿ ತಗಡು ಕತ್ತರಿಸಿ ಬ್ರಾಕೆಟ್ ಮಾಡುವ ಜಾಗ. ಅಲ್ಲಿ ಯಾರ ಮೈಯಲ್ಲಾದರೂ ಒಂದು ಏಟಿನ ಗುರುತು ಇಲ್ಲದ ವಾರವೇ ಇರುತ್ತಿರಲಿಲ್ಲ. ಒಮ್ಮೆ ನಮ್ಮ ಫೋರ್‌ಮನ್ ಮೊಣಕಾಲ ಕೆಳಗೆ ಡೈ ಬ್ಲಾಕ್ ಜಾರಿ ಬಿತ್ತು. ಮೂಳೆ ಮುರಿದಿರಲಿಲ್ಲ, ಆದರೆ ಅಂಗೈಯಗಲ ಜಾಗ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಐದಾರು ದಿನ ಕಳೆದ ಮೇಲೆ ಅವರು ಊಟದ ಹೊತ್ತಿನಲ್ಲಿ ಪ್ಯಾಂಟು ಮಡಿಸಿ ತೋರಿಸಿದರು. ಅಂಚಿನಲ್ಲಿ ಹಸಿರು ಕಾಣಿಸಿಕೊಂಡಿತ್ತು. "ಕಪ್ಪಗಿದ್ದಾಗ ಭಯ ಸಾ. ಹಸ್ರು ತಿರುಗ್ತು ಅಂದ್ರೆ ಒಳಗೆ ಕೆಲ್ಸ ಶುರುವಾಯ್ತು ಅಂತ್ಲೇ ಲೆಕ್ಕ" ಅಂದರು. ಇನ್ನೊಂದು ವಾರಕ್ಕೆ ಅದು ಹಳದಿಯಾಗಿ, ಆಮೇಲೆ ಇರಲೇ ಇಲ್ಲ.

ಕುಣಿಗಲ್ ಕಡೆಯವರು. ಆಗ ಅವರಿಗೆ ನಲವತ್ತೊಂದು ವಯಸ್ಸು. ಮರುವರ್ಷ ಒಂದು ಬೆಳಗ್ಗೆ, ರಾತ್ರಿ ಪಾಳಿ ಮುಗಿಸುವ ಹೊತ್ತಿಗೆ, ಎದೆ ಹಿಂಡಿದ ಹಾಗಾಯಿತು. ಗ್ಯಾಸ್ಟ್ರಿಕ್ ಅಂದುಕೊಂಡು ಸೋಡಾಕ್ಕೆ ನಿಂಬೆಹಣ್ಣು ಹಿಂಡಿಸಿಕೊಂಡು ಕುಡಿದರು, ಮನೆಗೆ ಹೋಗಿ ಮಲಗಿದರು. ಆಸ್ಪತ್ರೆ ಸೇರುವಾಗ ಮಧ್ಯಾಹ್ನ ಕಳೆದಿತ್ತು. ಎಡಭಾಗದ ಮುಖ್ಯ ನಾಳದಲ್ಲಿ 'ಬ್ಲಾಕ್' ಇತ್ತು, ಸ್ಟೆಂಟ್ ಹಾಕಿದರು. ನೋಡಲು ಹೋದಾಗ ಅವರು ನನ್ನನ್ನು ಕೇಳಿದ ಪ್ರಶ್ನೆ ಈ ಬರಹಕ್ಕೆ ಕಾರಣ: "ಕಾಲಿನ ಏಟು ಹಸ್ರಾಗಿ, ಅರಿಶಿಣ ಆಗಿ ಹೋಯ್ತದೆ. ಎದೆ ನಾಳದೊಳಗಿಂದು ಯಾಕೆ ಸಾ ಹಂಗೆ ಹೋಗಕಿಲ್ಲ?"

ಲೆಕ್ಕ ಬರೆಯುವವನಿಗೆ ಇದಕ್ಕೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಓದುತ್ತಾ ಹೋದಾಗ ಗೊತ್ತಾಗಿದ್ದು, ಅವರು ಕೇಳಿದ್ದು ಪೆದ್ದು ಪ್ರಶ್ನೆಯೇ ಅಲ್ಲ ಅಂತ. ಸುಮಾರು ನೂರೈವತ್ತು ವರ್ಷದ ಸಂಶೋಧನೆ ಸುತ್ತಿ ಬಳಸಿ ಬಂದು ನಿಂತಿರುವುದು ಅದೇ ಪ್ರಶ್ನೆಯ ಮುಂದೆ.

ಮೊದಲು ಆ ಹಸಿರಿನ ಮಾತು. ರಕ್ತ ಕೆಂಪಾಗಿರುವುದು ಹಿಮೋಗ್ಲೋಬಿನ್ನಿನ ಒಳಗಿರುವ ಹೀಮ್ ಎಂಬ ಪುಟ್ಟ ಅಣುವಿನಿಂದ. ಒಂದು ಉಂಗುರ, ಅದರ ನಡುವೆ ಕೂರಿಸಿದ ಕಬ್ಬಿಣದ ಒಂದು ಪರಮಾಣು. ಆಮ್ಲಜನಕವನ್ನು ಹಿಡಿದು ಬಿಡುವ ಕೆಲಸ ಈ ಕಬ್ಬಿಣದ್ದು. ರಕ್ತಕಣದ ಒಳಗೆ, ಪ್ರೋಟೀನಿನ ಮಡಿಕೆಯಲ್ಲಿ ಬೆಚ್ಚಗೆ ಇರುವ ತನಕ ಹೀಮ್ ಸಾಧು. ಹೊರಗೆ ಚೆಲ್ಲಿತೋ, ಅದರಷ್ಟು ಕೇಡಿ ಇನ್ನೊಂದಿಲ್ಲ. ಕೊಬ್ಬಿನೊಳಗೆ ಸುಲಭವಾಗಿ ನುಸುಳುತ್ತದೆ, ಮುಟ್ಟಿದ್ದನ್ನೆಲ್ಲ ತುಕ್ಕು ಹಿಡಿಸುತ್ತದೆ. ಶೆಡ್ಡಿನವರಿಗೆ ಈ ಭಾಷೆ ಬೇಗ ಅರ್ಥವಾಗುತ್ತದೆ. ಎಣ್ಣೆ ಸವರದೆ ಬಿಟ್ಟ ತಗಡಿಗೆ ಮಳೆಗಾಲದಲ್ಲಿ ಏನಾಗುತ್ತದೆ ಅಂತ ಅವರಿಗೆ ಹೇಳಿಕೊಡಬೇಕಾಗಿಲ್ಲ.

ಏಟು ಬಿದ್ದ ಜಾಗದಲ್ಲಿ ರಕ್ತ ಹೊರಚೆಲ್ಲಿದಾಗ ಮ್ಯಾಕ್ರೋಫೇಜ್ ಎಂಬ ಭಕ್ಷಕ ಕಣಗಳು ಬಂದು ಅದನ್ನು ನುಂಗುತ್ತವೆ. ಅವುಗಳ ಒಳಗಿರುವ ಒಂದು ಕಿಣ್ವ ಹೀಮ್ ಉಂಗುರವನ್ನು ಒಂದು ಕಡೆ ಕತ್ತರಿಸಿ ಬಿಚ್ಚುತ್ತದೆ. ಬಿಚ್ಚಿದ ಉಂಗುರದ ಬಣ್ಣ ಹಸಿರು, ಹೆಸರು ಬಿಲಿವರ್ಡಿನ್. ಇನ್ನೊಂದು ಕಿಣ್ವ ಅದನ್ನು ಹಳದಿಯ ಬಿಲಿರುಬಿನ್ ಮಾಡುತ್ತದೆ. ಫೋರ್‌ಮನ್ ಕಾಲಿನ ಮೇಲೆ ನಾವು ನೋಡಿದ್ದು ಇದೇ ಎರಡು ಹೆಜ್ಜೆ. ಉಗುರಿನ ಕೆಳಗೆ ಹೆಪ್ಪುಗಟ್ಟಿದ ರಕ್ತ ಹೀಗೆ ಬಣ್ಣ ಬದಲಿಸದೆ ಕಪ್ಪಾಗಿಯೇ ಉಳಿದು ಉಗುರಿನ ಜೊತೆಯೇ ಮುಂದಕ್ಕೆ ಸರಿಯುವುದನ್ನು ಸುತ್ತಿಗೆ ಹಿಡಿದವರೆಲ್ಲ ಕಂಡಿದ್ದಾರೆ. ಅಲ್ಲಿಗೆ ಆ ಕಣಗಳು ಹೋಗಲಾರವು. ಕೆಲಸದವರು ಇಲ್ಲದ ಜಾಗದಲ್ಲಿ ಕೆಲಸ ಆಗುವುದಿಲ್ಲ.

ಜರ್ಮನಿಯ ರುಡಾಲ್ಫ್ ವಿರ್ಶೋ 1847ರಲ್ಲೇ ಹಳೆಯ ರಕ್ತಸ್ರಾವದ ಜಾಗಗಳಲ್ಲಿ ಹಳದಿ ಕೆಂಪು ಹರಳುಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡಿದ್ದರು. ಇವು ಪಿತ್ತರಸದ ಬಣ್ಣಕ್ಕೆ ನೆಂಟರಿರಬೇಕು ಎಂಬ ಅನುಮಾನವೂ ಅವರಿಗಿತ್ತು. ಆದರೆ ರಕ್ತ ಪಿತ್ತವಾಗುವುದು ಹೇಗೆ ಅಂತ ತಿಳಿಯಲು ಮತ್ತೆ ನೂರಿಪ್ಪತ್ತು ವರ್ಷ ಹಿಡಿಯಿತು. 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರೈಮೋ ಟೆನ್‌ಹುನೆನ್, ಹಾರ್ವೆ ಮಾರ್ವರ್, ರೂಡಿ ಶ್ಮಿಡ್ ಎಂಬ ಮೂವರು ಆ ಕಿಣ್ವವನ್ನು ಹಿಡಿದು ಅದಕ್ಕೆ ಹೀಮ್ ಆಕ್ಸಿಜಿನೇಸ್ ಎಂದು ಹೆಸರಿಟ್ಟರು. ನಮ್ಮ ಮೈಯಲ್ಲಿ ಸೆಕೆಂಡಿಗೆ 20 ಲಕ್ಷದಷ್ಟು ಹಳೆಯ ರಕ್ತಕಣಗಳು ಮುರಿಯುತ್ತವೆ. ಒಂದೊಂದರ ಆಯಸ್ಸು ಸುಮಾರು 120 ದಿನ. ಆ ಗುಜರಿಯನ್ನೆಲ್ಲ ಬಿಚ್ಚುವ ಕಿಣ್ವ ಇದು. ಕಬ್ಬಿಣ ವಾಪಸು ಉಗ್ರಾಣಕ್ಕೆ, ಹಳದಿ ಬಣ್ಣ ಪಿತ್ತಕ್ಕೆ. ಕಣ್ಣು ಹಳದಿಯಾದರೆ ಕಾಮಾಲೆ ಎಂದು ನಾವು ಹೆದರುವುದು ಈ ಸಾಗಾಟ ಎಲ್ಲೋ ಕಟ್ಟಿಕೊಂಡಾಗ.

ಉಂಗುರ ಕತ್ತರಿಸಿದಾಗ ಇನ್ನೊಂದು ಚೂರು ಉದುರುತ್ತದೆ, ಒಂದೇ ಒಂದು ಇಂಗಾಲ. ಅದು ಹೊರಬೀಳುವುದು ಕಾರ್ಬನ್ ಮಾನಾಕ್ಸೈಡ್ ಆಗಿ. ಹೌದು, ಮುಚ್ಚಿದ ಗ್ಯಾರೇಜಿನಲ್ಲಿ ಜೀವ ತೆಗೆಯುವ ಅದೇ ಅನಿಲ. ಮನುಷ್ಯನ ಮೈಯೇ ಅದನ್ನು ಚೂರುಪಾರು ತಯಾರಿಸುತ್ತದೆ ಎಂದು ಸ್ವೀಡನ್ನಿನ ಟೋರ್ಗ್ನಿ ಶೋಸ್ಟ್ರಾಂಡ್ 1949ರ ಹೊತ್ತಿಗೇ ತೋರಿಸಿದ್ದರು. ಅದು ಬರೀ ಹೊಗೆ, ಕಸ ಎಂದೇ ಬಹುಕಾಲ ಎಲ್ಲರೂ ತಿಳಿದಿದ್ದರು. ತೀರ ಅಲ್ಪ ಪ್ರಮಾಣದಲ್ಲಿ ಅದು ರಕ್ತನಾಳವನ್ನು ಸಡಿಲಿಸುತ್ತದೆ, ಉರಿಯೂತವನ್ನು ತಗ್ಗಿಸುತ್ತದೆ ಎಂಬುದು ತೊಂಬತ್ತರ ದಶಕದಲ್ಲಿ ಮತ್ತು 2000ದ ಆಚೀಚೆ ಪ್ರಯೋಗಶಾಲೆಗಳಲ್ಲಿ ಕಂಡಿತು. (ಇದನ್ನು ಓದಿದ ಗೆಳೆಯರೊಬ್ಬರು, "ಹಾಗಾದರೆ ಹೊಸೂರು ರಸ್ತೆ ಟ್ರಾಫಿಕ್ಕಿನಲ್ಲಿ ನಿಂತರೆ ಹೃದಯಕ್ಕೆ ಒಳ್ಳೆಯದೇ" ಅಂದರು. ಅಲ್ಲ. ಕಣದೊಳಗೆ, ಬೇಕಾದ ಹೊತ್ತಿಗೆ, ಬೇಕಾದಷ್ಟೇ ಹುಟ್ಟುವುದು ಬೇರೆ. ಸೈಲೆನ್ಸರಿನಿಂದಲೋ ಬೀಡಿಯಿಂದಲೋ ಎದೆ ತುಂಬ ಬರುವುದು ಬೇರೆ.)

ಕಸ ಎಂದುಕೊಂಡಿದ್ದ ಬಿಲಿರುಬಿನ್ನಿನ ಕಥೆಯೂ ಹೀಗೇ ತಿರುಗಿತು. 1987ರಲ್ಲಿ ರೋಲಂಡ್ ಸ್ಟಾಕರ್, ಬ್ರೂಸ್ ಏಮ್ಸ್ ಮತ್ತು ಜೊತೆಗಾರರು ಆ ಹಳದಿ ವಸ್ತು ಕೊಬ್ಬು ತುಕ್ಕು ಹಿಡಿಯುವುದನ್ನು ತಡೆಯುತ್ತದೆ ಎಂದು ತೋರಿಸಿದರು. ಎರಡು ವರ್ಷದ ನಂತರ ಕೀಸ್ ಮತ್ತು ಟಿರೆಲ್ ಎಂಬ ಇಬ್ಬರು ಇನ್ನೊಂದು ಗಂಟು ಬಿಡಿಸಿದರು. ಚರ್ಮದ ಕಣಗಳನ್ನು ನೇರಳಾತೀತ ಕಿರಣದಿಂದಲೋ ಪೆರಾಕ್ಸೈಡಿನಿಂದಲೋ ನೋಯಿಸಿದಾಗಲೆಲ್ಲ ಒಂದು ಪ್ರೋಟೀನ್ ಧಿಗ್ಗನೆ ಏರುತ್ತಿತ್ತು. ಅದು ಬೇರೆ ಯಾವುದೂ ಅಲ್ಲ, ಹೀಮ್ ಆಕ್ಸಿಜಿನೇಸಿನ ಮೊದಲನೇ ಬಗೆಯೇ ಆಗಿತ್ತು. ಅಂದರೆ ಈ ಕಿಣ್ವ ಬರೀ ಗುಜರಿ ಅಂಗಡಿಯವನಲ್ಲ, ಬೆಂಕಿ ಬಿದ್ದಾಗ ಮೊದಲು ಓಡಿಬರುವವನೂ ಹೌದು.

ಇಲ್ಲಿ ಬೆಂಗಳೂರಿನದೇ ಒಂದು ಮಾತು ಸೇರಿಸಬೇಕು. ಪೀಣ್ಯದಿಂದ ತುಮಕೂರು ರಸ್ತೆಯಲ್ಲಿ ಊರಿನ ಕಡೆ ಬಂದರೆ ಯಶವಂತಪುರದ ಆಚೆ ಸಿಗುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹೀಮ್ ಬಗ್ಗೆ ದಶಕಗಳ ಕಾಲ ಕೆಲಸ ನಡೆದಿದೆ. ಜಿ. ಪದ್ಮನಾಭನ್ ಅವರ ತಂಡ 1992ರಲ್ಲಿ, ಮಲೇರಿಯಾ ಪರಾವಲಂಬಿ ತನಗೆ ಬೇಕಾದ ಹೀಮನ್ನು ತಾನೇ ತಯಾರಿಸಿಕೊಳ್ಳುತ್ತದೆ ಎಂದು ತೋರಿಸಿತು. ನಮ್ಮ ರಕ್ತಕಣದೊಳಗೆ ಕೂತು ಹಿಮೋಗ್ಲೋಬಿನ್ನನ್ನೇ ಉಣ್ಣುವ ಜೀವಿ ಅದು, ಸುತ್ತ ಹೀಮ್ ರಾಶಿ ಬಿದ್ದಿರುತ್ತದೆ. ಆದರೂ ತನ್ನದು ತನಗೆ! ಉಂಡು ಬಿಟ್ಟ ಹೀಮನ್ನು ಅದು ನಮ್ಮ ಹಾಗೆ ಹಸಿರು ಮಾಡಿ ಕರಗಿಸುವುದೂ ಇಲ್ಲ, ಹರಳುಗಟ್ಟಿಸಿ ಮೂಲೆಗೆ ಒತ್ತುತ್ತದೆ. ಕ್ಲೋರೋಕ್ವಿನ್ ಮಾತ್ರೆ ಕೆಲಸ ಮಾಡುವುದು ಆ ಹರಳುಗಟ್ಟುವಿಕೆಯನ್ನು ಕೆಡಿಸಿ. ಹೊರಚೆಲ್ಲಿದ ಹೀಮ್ ಎಂಥ ವಿಷ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಪರಾವಲಂಬಿ ಸಾಯುವುದೇ ಅದರಿಂದ.

ಈಗ ನಾಳದ ಒಳಗೆ ಹೋಗೋಣ. ಅಪಧಮನಿ ಗಟ್ಟಿಯಾಗುವುದು ಅಂದರೆ ಪೈಪಿನೊಳಗೆ ಜಿಡ್ಡು ಕಟ್ಟಿದ ಹಾಗೆ ಎಂದು ಎಲ್ಲರೂ ಹೇಳುತ್ತಾರೆ. ಆ ಹೋಲಿಕೆ ಅಷ್ಟು ಸರಿಯಲ್ಲ. ಕೊಬ್ಬು ಕೂರುವುದು ಒಳಮೈ ಮೇಲಲ್ಲ, ಗೋಡೆಯ ಒಳಗೆ. ಎಲ್‌ಡಿಎಲ್ ಕಣಗಳು ಗೋಡೆಯೊಳಗೆ ನುಸುಳಿ ತುಕ್ಕು ಹಿಡಿಯುತ್ತವೆ. ಅವನ್ನು ತಿನ್ನಲು ಬಂದ ಮ್ಯಾಕ್ರೋಫೇಜುಗಳು ಉಬ್ಬಿ, ಜೀರ್ಣಿಸಲಾರದೆ ಅಲ್ಲೇ ಸಾಯುತ್ತವೆ. ಗೋಡೆ ದಪ್ಪವಾಗುತ್ತದೆ, ಸುಣ್ಣ ಕಟ್ಟುತ್ತದೆ. ದಪ್ಪವಾದ ಗೋಡೆಗೆ ಉಸಿರು ಬೇಕಲ್ಲ, ಅದಕ್ಕಾಗಿ ಕೂದಲಿಗಿಂತ ಸಣ್ಣ ಹೊಸ ನಾಳಗಳು ಹುಟ್ಟುತ್ತವೆ. ಅವು ಕಳಪೆ ಕಾಮಗಾರಿ, ಸೋರುತ್ತವೆ. ಹೀಗೆ ಸೋರಿದ ರಕ್ತ ಗಂಟಿನೊಳಗೇ ಸೇರುತ್ತದೆ. ನಾಳದ ಗೋಡೆಯೊಳಗಿನ ಈ ರಕ್ತಸ್ರಾವವೇ ಗಂಟು ದೊಡ್ಡದಾಗಲು, ಒಡೆಯಲು ಹತ್ತಿರವಾಗಲು ಮುಖ್ಯ ಕಾರಣಗಳಲ್ಲೊಂದು ಎಂದು 2003ರಲ್ಲಿ ಅಮೆರಿಕದಲ್ಲಿರುವ ಭಾರತ ಮೂಲದ ರೋಗಶಾಸ್ತ್ರಜ್ಞೆ ರೇಣು ವಿರ್ಮಾನಿ, ಫ್ರ್ಯಾಂಕ್ ಕೊಲೊಡ್ಜಿ ಮತ್ತು ಜೊತೆಯವರು ಶವಪರೀಕ್ಷೆಯ ಹೃದಯಗಳನ್ನು ನೋಡಿ ಬರೆದರು. ರಕ್ತಕಣದ ಪೊರೆಯಲ್ಲೇ ಬೇಕಾದಷ್ಟು ಕೊಲೆಸ್ಟರಾಲ್ ಇರುತ್ತದೆ, ಒಳಗೆ ಹೀಮ್ ಇರುತ್ತದೆ. ಒಂದು ಉರುವಲು, ಇನ್ನೊಂದು ಕಿಡಿ.

ಅಂದರೆ ಫೋರ್‌ಮನ್ ಕೇಳಿದ್ದು ಅಕ್ಷರಶಃ ಸರಿ. ಎದೆ ನಾಳದ ಗೋಡೆಯೊಳಗೂ ಬಿದ್ದಿರುವುದು ಒಂದು ಬಗೆಯ ಏಟೇ, ಅಲ್ಲೂ ರಕ್ತ ಚೆಲ್ಲಿದೆ. ಆ ಕಿಣ್ವ ಅಲ್ಲಿ ಇಲ್ಲವೇ? ಇದೆ. 1998ರಲ್ಲಿ ಮನುಷ್ಯರ ಮತ್ತು ಇಲಿಗಳ ನಾಳದ ಗಂಟುಗಳಲ್ಲಿ ಅದು ಹೇರಳವಾಗಿರುವುದನ್ನು ಕಂಡರು. ಆದರೆ ಬೆಂಕಿ ಬಿದ್ದ ಕಡೆ ಅಗ್ನಿಶಾಮಕ ವಾಹನ ನಿಂತಿದ್ದರೆ ಬೆಂಕಿ ಹಚ್ಚಿದ್ದು ಅದೇ ಎನ್ನಲಾಗುವುದಿಲ್ಲ, ಆರಿಸುತ್ತಿದೆ ಎನ್ನುವುದಕ್ಕೂ ಪುರಾವೆ ಬೇಕು. 2001ರಿಂದ 2003ರ ನಡುವೆ ಬೇರೆ ಬೇರೆ ಪ್ರಯೋಗಶಾಲೆಗಳು ಇಲಿಗಳಲ್ಲಿ ಅದನ್ನು ಒದಗಿಸಿದವು. ಕಿಣ್ವ ಹೆಚ್ಚಿಸಿದರೆ ಗಂಟು ಚಿಕ್ಕದು, ತಡೆದರೆ ಅಥವಾ ಅದರ ಜೀನನ್ನೇ ತೆಗೆದರೆ ದೊಡ್ಡದು.

ಮನುಷ್ಯರಲ್ಲಿ ಇಂಥ ಪ್ರಯೋಗ ಯಾರೂ ಮಾಡುವುದಿಲ್ಲ. ವಿಧಿ ಮಾಡಿತು. ಜಪಾನಿನ ಕನಝಾವಾದಲ್ಲಿ ಒಂದು ಗಂಡು ಮಗು. ಮೇಲಿಂದ ಮೇಲೆ ಜ್ವರ, ಬೆಳವಣಿಗೆ ಕುಂಠಿತ, ರಕ್ತಕಣಗಳು ಒಂದೇ ಸಮನೆ ಒಡೆಯುತ್ತಿದ್ದವು. ಅಷ್ಟು ರಕ್ತ ಒಡೆದರೆ ಕಾಮಾಲೆ ಆಗಬೇಕಲ್ಲ? ಆಗಲಿಲ್ಲ. ಬಿಲಿರುಬಿನ್ ಏರಲೇ ಇಲ್ಲ. ವೈದ್ಯರಿಗೆ ಸುಳಿವು ಕೊಟ್ಟಿದ್ದು ಇಲ್ಲದ ಆ ಹಳದಿ. ಮಗುವಿನಲ್ಲಿ ಹೀಮ್ ಆಕ್ಸಿಜಿನೇಸ್ ಒಂದರ ಜೀನಿನ ಎರಡೂ ಪ್ರತಿಗಳು ಕೆಟ್ಟಿದ್ದವು. 1999ರಲ್ಲಿ ಅಕಿಹಿರೋ ಯಾಚೀ ಮತ್ತು ಜೊತೆಯವರು ಇದನ್ನು ಪ್ರಕಟಿಸಿದರು. ಮಗು ಆರು ವರ್ಷಕ್ಕೆ ತೀರಿಕೊಂಡಿತು. ಆಮೇಲೆ ಬಂದ ಶವಪರೀಕ್ಷೆಯ ವರದಿಯಲ್ಲಿ ಒಂದು ಸಾಲಿನ ಅಂಶವಿದೆ, ಓದಿದಾಗ ನಾನು ಪುಸ್ತಕ ಮಡಿಸಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಮಹಾಪಧಮನಿಯ ಗೋಡೆಯಲ್ಲಿ ಕೊಬ್ಬಿನ ಪಟ್ಟೆಗಳೂ ನಾರುಗಟ್ಟಿದ ಗಂಟುಗಳೂ ಇದ್ದವು. ನಡುವಯಸ್ಸಿನವರಲ್ಲಿ ಕಾಣಬೇಕಾದದ್ದು ಆರು ವರ್ಷದ ಕೂಸಿನಲ್ಲಿ. ಬೀಡಿಯಿಲ್ಲ, ರಾತ್ರಿ ಪಾಳಿಯಿಲ್ಲ, ಬಿರಿಯಾನಿಯಿಲ್ಲ. ಇಂಥದೇ ಕೊರತೆಯ ಎರಡನೇ ಪ್ರಕರಣ 2011ರಲ್ಲಿ ವರದಿಯಾದದ್ದು ನಮ್ಮ ದೇಶದಿಂದಲೇ, ದೆಹಲಿಯ ವೈದ್ಯರಿಂದ.

ನಮ್ಮ ನಿಮ್ಮಲ್ಲಿ ಆ ಜೀನ್ ಇದೆ, ಕಿಣ್ವವೂ ಏರುತ್ತದೆ. ಆದರೆ ಎಷ್ಟು ಬೇಗ, ಎಷ್ಟು ಎತ್ತರಕ್ಕೆ ಎಂಬುದರಲ್ಲಿ ಮನುಷ್ಯರಿಂದ ಮನುಷ್ಯರಿಗೆ ವ್ಯತ್ಯಾಸವಿದೆ. ಜೀನಿನ ಮುಂಭಾಗದಲ್ಲಿ ಎರಡಕ್ಷರದ ಒಂದು ಜೋಡಿ ಮತ್ತೆ ಮತ್ತೆ ಬರುತ್ತದೆ. ಆ ಸರಣಿ ಉದ್ದವಾಗಿರುವವರಲ್ಲಿ ಕಿಣ್ವ ಮಂದ. ತೈವಾನಿನಲ್ಲಿ 2002ರಲ್ಲಿ ನಡೆದ ಅಧ್ಯಯನದಲ್ಲಿ, ಸಕ್ಕರೆ ಕಾಯಿಲೆಯೂ ಇದ್ದು ಸರಣಿಯೂ ಉದ್ದವಿದ್ದವರಿಗೆ ಹೃದಯನಾಳದ ರೋಗ ಹೆಚ್ಚು ಕಂಡಿತು. ಬೇರೆ ಜನಾಂಗಗಳಲ್ಲಿ ಫಲಿತಾಂಶ ಒಂದೇ ಸಮ ಬಂದಿಲ್ಲವಾದ್ದರಿಂದ ಇದನ್ನು ಹಣೆಬರಹ ಅಂದುಕೊಳ್ಳುವುದು ಬೇಡ.

ಈಗ ಊರಿನ ಇನ್ನೊಂದು ತುದಿ, ಹೊಸೂರು ರಸ್ತೆ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಕಿಯೋನಿಕ್ಸ್ ಎಲೆಕ್ಟ್ರಾನಿಕ್ ಸಿಟಿ ಮಾಡಲು ಹೊರಟಿದ್ದು 1978ರಲ್ಲಿ. ಅದೇ ವರ್ಷ ಬೆಂಗಳೂರಿನ ಒಂದು ಬಾಡಿಗೆ ಗ್ಯಾರೇಜಿನಲ್ಲಿ ಕಿರಣ್ ಮಜುಂದಾರ್ ಐರ್ಲೆಂಡಿನ ಕಂಪನಿಯೊಂದರ ಜೊತೆ ಸೇರಿ ಬಯೋಕಾನ್ ಶುರುಮಾಡಿದರು. ಮೊದಲ ಸರಕುಗಳಲ್ಲಿ ಪಪ್ಪಾಯಿ ಹಾಲಿನಿಂದ ತೆಗೆಯುವ ಪಪೈನ್ ಎಂಬ ಕಿಣ್ವವೂ ಒಂದು. ಮುಂದೆ ಹೆಬ್ಬಗೋಡಿಯಲ್ಲಿ ಬೆಳೆದ ಕಂಪನಿ ಶಿಲೀಂಧ್ರಗಳನ್ನು ಹುದುಗಿಸಿ ಕಿಣ್ವ ತೆಗೆಯುವುದರಲ್ಲಿ ಪಳಗಿತು. ಜಪಾನಿನ ಅಕಿರಾ ಎಂಡೋ ಎಪ್ಪತ್ತರ ದಶಕದ ಆರಂಭದಲ್ಲಿ ಬೂಷ್ಟಿನಿಂದ ಮೊದಲ ಸ್ಟ್ಯಾಟಿನ್ ತೆಗೆದಿದ್ದರು. ಅಮೆರಿಕದ ಮರ್ಕ್ ಕಂಪನಿಯ ಲೋವಾಸ್ಟ್ಯಾಟಿನ್ 1987ರಲ್ಲಿ ಮಾರುಕಟ್ಟೆಗೆ ಬಂತು. ಅದೂ ಹುದುಗುವ ವಿದ್ಯೆಯದೇ ಮಗು. ಬೂಷ್ಟು ಸಾಕುವುದು ಗೊತ್ತಿದ್ದ ಹೆಬ್ಬಗೋಡಿಗೆ ಇದು ಹೊಸ ಭಾಷೆಯಾಗಿರಲಿಲ್ಲ. 2001ರಲ್ಲಿ ಲೋವಾಸ್ಟ್ಯಾಟಿನ್ ತಯಾರಿಕೆಗೆ ಅಮೆರಿಕದ ಔಷಧ ಇಲಾಖೆಯ ಒಪ್ಪಿಗೆ ಪಡೆದ ಮೊದಲ ಭಾರತೀಯ ಕಂಪನಿಯಾಯಿತು ಬಯೋಕಾನ್. 2007ರಲ್ಲಿ ತನ್ನ ಮೂಲ ಕಸುಬಾದ ಕಿಣ್ವದ ವ್ಯವಹಾರವನ್ನು ಡೆನ್ಮಾರ್ಕಿನ ನೋವೋಝೈಮ್ಸ್‌ಗೆ ಮಾರಿತು. ಅವರ ನೆಲೆ ಇರುವುದು ವೈಟ್‌ಫೀಲ್ಡಿನಲ್ಲಿ.

ಸ್ಟ್ಯಾಟಿನ್ ಮಾತ್ರೆಯ ಮುಖ್ಯ ಕೆಲಸ ಯಕೃತ್ತಿನಲ್ಲಿ ಕೊಲೆಸ್ಟರಾಲ್ ತಯಾರಿಸುವ ಕಿಣ್ವವನ್ನು ಅದುಮುವುದು. 2003-04ರ ಹೊತ್ತಿಗೆ ಪ್ರಯೋಗಶಾಲೆಗಳಲ್ಲಿ ಇನ್ನೊಂದು ವಿಷಯ ಹೊರಬಿತ್ತು. ರಕ್ತನಾಳದ ಕಣಗಳಿಗೆ ಸ್ಟ್ಯಾಟಿನ್ ಕೊಟ್ಟರೆ ಅವುಗಳಲ್ಲಿ ಹೀಮ್ ಆಕ್ಸಿಜಿನೇಸ್ ಏರುತ್ತದೆ. ಒಂದು ಕಿಣ್ವವನ್ನು ಅದುಮುವ ಮಾತ್ರೆ ಇನ್ನೊಂದನ್ನು ಎಬ್ಬಿಸುತ್ತದೆ. ನನ್ನ ಲೆಕ್ಕದಲ್ಲಿ ಈ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ಸೊಗಸಾದ ತಿರುವು ಇಲ್ಲ. ಆದರೆ ಫೋರ್‌ಮನ್ ನುಂಗುವ ಮಾತ್ರೆಯ ಲಾಭದಲ್ಲಿ ಈ ಎರಡನೆಯದರ ಪಾಲು ಎಷ್ಟು ಅಂತ ಕೇಳಿದರೆ ಬಹುಶಃ ಚಿಕ್ಕದೇ. ದೊಡ್ಡ ಪಾಲು ಕೊಲೆಸ್ಟರಾಲ್ ಇಳಿಸುವುದರದೇ.

ಹೀಗೆ ಹೇಳಲು ಕಾರಣವಿದೆ. ನೇರವಾಗಿ ಈ ದಾರಿಯನ್ನೇ ನಂಬಿ ಹೊರಟವರು ಎಡವಿದ್ದಾರೆ. ಪ್ರೊಬುಕಾಲ್ ಎಂಬ ಹಳೆಯ ಔಷಧಿ ಹೀಮ್ ಆಕ್ಸಿಜಿನೇಸನ್ನು ಎಬ್ಬಿಸಿ ನಾಳವನ್ನು ಕಾಯುತ್ತದೆ ಎಂದು ಸ್ಟಾಕರ್ ತಂಡವೇ ತೋರಿಸಿತ್ತು. ಅದರ ಸೋದರ ಔಷಧಿ ಸಕ್ಸಿನೋಬುಕಾಲನ್ನು 6,000ಕ್ಕೂ ಹೆಚ್ಚು ಹೃದ್ರೋಗಿಗಳಲ್ಲಿ ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಕೊಟ್ಟರು. ಮುಖ್ಯ ಗುರಿ ಮುಟ್ಟಲಿಲ್ಲ. ಬಿಲಿರುಬಿನ್ ಕಥೆಯೂ ಅಷ್ಟೆ. ಅದು ಕಡಿಮೆ ಇದ್ದವರಿಗೆ ಹೃದಯನಾಳದ ರೋಗ ಹೆಚ್ಚು ಎಂದು 1994ರಲ್ಲಿ ಅಮೆರಿಕದ ವಾಯುಪಡೆಯ ವೈದ್ಯರು ಬರೆದಾಗ ಎಲ್ಲರ ಕಿವಿ ನಿಮಿರಿತ್ತು. ಡೆನ್ಮಾರ್ಕಿನವರು 2013ರಲ್ಲಿ ಹುಟ್ಟಿನಿಂದಲೇ ಬಿಲಿರುಬಿನ್ ಹೆಚ್ಚಿರುವ ಜೀನಿನವರನ್ನು ಹುಡುಕಿ ನೋಡಿದರೆ, ಅವರಿಗೆ ಹೃದಯದ ಕಾಯಿಲೆ ಕಡಿಮೆಯೇನೂ ಇರಲಿಲ್ಲ. ಇಲಿಯ ನಾಳದಿಂದ ಮನುಷ್ಯನ ನಾಳಕ್ಕೆ ದಾರಿ ನೆಟ್ಟಗಿಲ್ಲ.

ಅತ್ತ ಕಿಣ್ವದ ಕಥೆ ಹೀಗೆ ಎಳೆದಾಡುತ್ತಿದ್ದಾಗ, ಇತ್ತ ಊರಿನ ಅಂಚುಗಳಲ್ಲಿ ಹೃದಯದ ಆಸ್ಪತ್ರೆಗಳು ಎದ್ದವು. ಹೊಸ ಶತಮಾನದ ಹೊಸ್ತಿಲಲ್ಲಿ ದೇವಿ ಶೆಟ್ಟಿಯವರ ನಾರಾಯಣ ಹೃದಯಾಲಯ ಬೊಮ್ಮಸಂದ್ರದಲ್ಲಿ, 2001ರ ಜನವರಿಯಲ್ಲಿ ಸತ್ಯಸಾಯಿ ಉಚಿತ ಆಸ್ಪತ್ರೆ ವೈಟ್‌ಫೀಲ್ಡಿನಲ್ಲಿ. 2003ರಲ್ಲಿ ಸಹಕಾರ ಸಂಘಗಳ ರೈತರಿಗಾಗಿ ಯಶಸ್ವಿನಿ ಬಂತು, ತಿಂಗಳಿಗೆ ಐದು ರೂಪಾಯಿಗೆ ಶಸ್ತ್ರಚಿಕಿತ್ಸೆಯ ಭರವಸೆ. ಜಯದೇವ ಸಂಸ್ಥೆಯವರು ನಲವತ್ತು ದಾಟುವ ಮೊದಲೇ ಹೃದಯಾಘಾತವಾದವರಿಗೆಂದೇ ಪ್ರತ್ಯೇಕ ದಾಖಲೆ ಇಡಲು ಶುರುಮಾಡಬೇಕಾಯಿತು. ಅದರ ಅಗತ್ಯ ಬಿತ್ತು ಎನ್ನುವುದೇ ಸುದ್ದಿ.

ಕೋರಮಂಗಲದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಿಂದ ಬಂದ ಎರಡು ಅಧ್ಯಯನಗಳನ್ನು ನಾನು ಈ ಕಿಣ್ವದ ಪಕ್ಕದಲ್ಲೇ ಇಟ್ಟು ಓದುತ್ತೇನೆ. ಮೊದಲನೆಯದು 1996ರದು, ಪ್ರೇಮ್ ಪೈಸ್ ಮತ್ತು ಜೊತೆಯವರದು. ಬೆಂಗಳೂರಿನಲ್ಲಿ ಮೊದಲ ಹೃದಯಾಘಾತವಾದ 200 ಜನರನ್ನು ಆಗದ 200 ಜನರ ಜೊತೆ ಹೋಲಿಸಿದರು. ಎದ್ದು ಕಂಡಿದ್ದು ಬೀಡಿ ಸಿಗರೇಟು, ರಕ್ತದೊತ್ತಡ, ರಕ್ತದ ಸಕ್ಕರೆ, ಹೊಟ್ಟೆಯ ಬೊಜ್ಜು. ಎರಡನೆಯದು ಡೆನಿಸ್ ಕ್ಸೇವಿಯರ್ ಮುಂದಾಳುತನದ 2008ರದು. ದೇಶದ 89 ಆಸ್ಪತ್ರೆಗಳ 20,468 ರೋಗಿಗಳು. ನೋವು ಶುರುವಾದ ಮೇಲೆ ಆಸ್ಪತ್ರೆ ಮುಟ್ಟಲು ಹಿಡಿದ ಸಮಯದ ಮಧ್ಯಾಂಕ 360 ನಿಮಿಷ. ಆರು ಗಂಟೆ! ತಿಂಗಳೊಳಗೆ ಸತ್ತವರು ಬಡವರಲ್ಲಿ ಶೇ. 8.2, ಉಳ್ಳವರಲ್ಲಿ ಶೇ. 5.5. ಸಿಕ್ಕ ಚಿಕಿತ್ಸೆಯ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದರೆ ಸಾವಿನ ಆ ಅಂತರ ಅಳಿಸಿಹೋಗುತ್ತಿತ್ತು. ಬಡವನ ನಾಳದಲ್ಲಿ ಕಿಣ್ವ ಕಡಿಮೆಯಿರಲಿಲ್ಲ.

ನಮ್ಮ ಫೋರ್‌ಮನ್ ಆವತ್ತು ತೆಗೆದುಕೊಂಡಿದ್ದು ಹೆಚ್ಚೂ ಕಡಿಮೆ ಏಳು ಗಂಟೆ. ಸೋಡಾ ಅಂಗಡಿಯಲ್ಲಿ ಅರ್ಧ ಗಂಟೆ, ಮನೆಯಲ್ಲಿ ಮಲಗಿದ್ದು ನಾಲ್ಕು ಗಂಟೆ, ಮಿಕ್ಕಿದ್ದು ಆಟೋ ಮತ್ತು ದುಡ್ಡು ಹೊಂದಿಸುವುದು.

ಕೊನೆಗೆ ಅವರ ಪ್ರಶ್ನೆಗೆ ಉತ್ತರ ಹೇಳಲು ಹೋದೆ. ಕಾಲಿನ ಏಟು ಒಂದು ಸಲ ಬಿದ್ದು ನಿಲ್ಲುತ್ತದೆ, ಕೆಲಸದವರಿಗೆ ಚೊಕ್ಕ ಮಾಡಲು ಬಿಡುವು ಸಿಗುತ್ತದೆ. ನಾಳದ ಗೋಡೆಯಲ್ಲಿ ಸೋರಿಕೆ ನಿಲ್ಲುವುದೇ ಇಲ್ಲ. ಇವತ್ತಿನದು ತೆಗೆಯುವಷ್ಟರಲ್ಲಿ ನಾಳೆಯದು ಬಂದು ಬೀಳುತ್ತದೆ, ತೆಗೆಯಲು ಬಂದವರೇ ಅಲ್ಲಿ ಸತ್ತು ಇನ್ನಷ್ಟು ಕಸವಾಗುತ್ತಾರೆ. ಅವರು ತಲೆಯಾಡಿಸಿದರು. "ಅಂದ್ರೆ ಕ್ಲೀನಿಂಗ್‌ನೋರು ಇದ್ದಾರೆ, ಮಿಷನ್ನೇ ನಿಲ್ಸಕಿಲ್ಲ ಅನ್ನಿ."

ಈಗ ಅವರು ರಾತ್ರಿ ಪಾಳಿ ಮಾಡುವುದಿಲ್ಲ. ಬೀಡಿ ಬಿಟ್ಟಿದ್ದಾರೆ ಅಂತ ಹೇಳುತ್ತಾರೆ, ಜೇಬು ಮುಟ್ಟಿ ನೋಡುವ ಅಭ್ಯಾಸ ಮಾತ್ರ ಹೋಗಿಲ್ಲ. ಮಾತ್ರೆಯ ಪಟ್ಟಿಯನ್ನು ಟಿಫನ್ ಬಾಕ್ಸಿನ ಮುಚ್ಚಳದೊಳಗೆ ಅಂಟಿಸಿಕೊಂಡಿದ್ದಾರೆ.